ಎಡ ಪುಟ, ಬಲ ಪುಟ: ರೆಸಾರ್ಟ್ ಸದಸ್ಯರಿಗೊಂದು ಬಹಿರಂಗ ಪತ್ರ

ಇಪ್ಪತ್ತೋ ಇಪ್ಪತ್ತೈದೋ ವರ್ಷಗಳ ರೆಸಾರ್ಟ್ ಮೆಂಬರ್‌ಶಿಪ್ ಕೊಂಡು, ಅದರ ಫೈಲನ್ನು ಬೀರುವಿನಲ್ಲಿ ಜೋಪಾನವಾಗಿಟ್ಟಿರುವ ಎಲ್ಲ ಕುಟುಂಬಗಳಿಗೆ,



ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೊಂದು ಬಿಟ್ಟಿ ಉದ್ಯೋಗ ಅಂಟಿಕೊಂಡಿದೆ. ಬಡಾವಣೆಯವರು ತಮ್ಮ ತಮ್ಮ ಕಾಗದಪತ್ರ ಹಿಡಿದು ಬರುತ್ತಾರೆ. ಮೊದಲೆಲ್ಲ ವಿಮೆ, ಠೇವಣಿ, ಉಯಿಲು ಬರುತ್ತಿದ್ದವು. ಈಗೀಗ ಹೊಳೆಯುವ ರಟ್ಟಿನ ಫೋಲ್ಡರಿನಲ್ಲಿ ರೆಸಾರ್ಟ್ ಮೆಂಬರ್‌ಶಿಪ್ ಬರುತ್ತಿದೆ. ಬಂದವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಊಟಕ್ಕೆ ಡಿಸ್ಕೌಂಟ್ ಇದೆಯಂತಲ್ಲ ಸಾರ್, ಇನ್ನೂ ಏನೇನು ಸಿಗುತ್ತೆ ನೋಡಿ ಹೇಳ್ತೀರಾ?" ನನ್ನ ಮೊದಲ ಪ್ರಶ್ನೆ ಬೇರೆ: "ಎಷ್ಟು ರಾತ್ರಿ ಬಾಕಿ ಇದೆ?" ಇದಕ್ಕೆ ತಡವರಿಸದೆ ಉತ್ತರ ಕೊಟ್ಟವರು ಕಡಿಮೆ. ಅವರ ಪ್ರಶ್ನೆಗೂ ನನ್ನ ಪ್ರಶ್ನೆಗೂ ನಡುವೆ ಎಷ್ಟು ಹಣ ಸೋರಿಹೋಗುತ್ತದೆ ಎಂದು ತೋರಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮೆಂಬರ್‌ಶಿಪ್ ಕೊಂಡದ್ದೇ ತಪ್ಪು ಎಂದು ಬೈಯುವ ಪತ್ರವಲ್ಲ ಇದು. ಅಂಥ ಬುದ್ಧಿವಾದವನ್ನು ನಿಮ್ಮ ಭಾವಮೈದುನ ಈಗಾಗಲೇ ಹೇಳಿರುತ್ತಾರೆ. ಟೈಮ್‌ಷೇರ್ ಎಂಬ ಈ ಪದ್ಧತಿ ಯುರೋಪಿನಲ್ಲಿ ಅರವತ್ತರ ದಶಕದಲ್ಲೇ ಶುರುವಾದದ್ದು. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಕಂಪನಿ ಹುಟ್ಟಿದ್ದು 1963ರಲ್ಲಿ. ನಮ್ಮಲ್ಲಿ ಸ್ಟರ್ಲಿಂಗ್ 1986ರಲ್ಲಿ ಬಂತು, ಕ್ಲಬ್ ಮಹೀಂದ್ರಾ 1996ರಲ್ಲಿ ಬಂದು ಮುನ್ನಾರಿನಲ್ಲಿ ತನ್ನ ಮೊದಲ ರೆಸಾರ್ಟ್ ತೆರೆಯಿತು. ಮಡಿಕೇರಿಯ ಮಂಜು, ಊಟಿಯ ಚಳಿ, ಗೋವಾದ ಕಡಲು ವರ್ಷಕ್ಕೊಂದು ವಾರ ನಿಮ್ಮದು ಎಂಬ ಮಾತು ಮಧ್ಯಮವರ್ಗದ ಕಿವಿಗೆ ಹಿತವಾಗಿಯೇ ಕೇಳಿಸಿತು. ಸರಿಯಾಗಿ ಬಳಸಿಕೊಂಡು, ಮೊಮ್ಮಕ್ಕಳ ಸಮೇತ ಪ್ರತಿವರ್ಷ ಹೋಗಿಬರುವ ಕುಟುಂಬಗಳನ್ನೂ ನಾನು ಬಲ್ಲೆ. ಅವರ ಮನೆಯಲ್ಲೆಲ್ಲ ಒಂದು ನೋಟ್‌ಬುಕ್ ಇರುತ್ತದೆ.

ಆ ನೋಟ್‌ಬುಕ್ಕನ್ನು ಹೇಗೆ ಬರೆಯಬೇಕು ಎಂದು ಹೇಳುತ್ತೇನೆ. ಎಡ ಪುಟದಲ್ಲಿ ಹಕ್ಕು, ಬಲ ಪುಟದಲ್ಲಿ ಉಪಚಾರ. ಸಹಿ ಹಾಕಿದ ಕರಾರಿನಲ್ಲಿ ಏನಿದೆಯೋ ಅದು ಎಡಕ್ಕೆ: ವರ್ಷಕ್ಕೆ ಎಷ್ಟು ರಾತ್ರಿ, ಯಾವ ಸೀಸನ್, ಎಂಥ ಕೋಣೆ, ಎಷ್ಟು ವರ್ಷ, ಉಳಿದ ರಾತ್ರಿಗಳನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೇ, ಎಷ್ಟು ಒಯ್ಯಬಹುದು. ಕರಾರಿನಲ್ಲಿಲ್ಲದೆ ಬ್ರೋಷರಿನಲ್ಲೋ ಆ್ಯಪಿನಲ್ಲೋ ಮಾರಾಟದವರ ಬಾಯಲ್ಲೋ ಇರುವುದೆಲ್ಲ ಬಲಕ್ಕೆ: ಊಟದ ರಿಯಾಯಿತಿ, ಸ್ಪಾ ವೋಚರ್, ಹುಟ್ಟುಹಬ್ಬದ ಕೇಕು, ಸ್ನೇಹಿತರನ್ನು ಸೇರಿಸಿದರೆ ಸಿಗುವ ಉಡುಗೊರೆ. ಎಡ ಪುಟದ್ದನ್ನು ನೀವು ಕೇಳಿ ಪಡೆಯಬಹುದು. ಬಲ ಪುಟದ್ದು ಕೊಡುವವರ ಮರ್ಜಿ.

ಮರ್ಜಿ ಎಂದರೆ ಏನೆಂದು ನಮ್ಮ ವಯಸ್ಸಿನವರಿಗೆ ವಿವರಿಸಬೇಕಿಲ್ಲ. ರೈಲಿನಲ್ಲಿ ಅರವತ್ತು ದಾಟಿದ ಗಂಡಸರಿಗೆ ಶೇ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಅದು ಎಂದೆಂದಿಗೂ ನಮ್ಮದೇ ಎಂದುಕೊಂಡಿದ್ದೆವು. 2020ರ ಮಾರ್ಚಿನಲ್ಲಿ ಕೋವಿಡ್ ಹೆಸರಿನಲ್ಲಿ ಹೋಯಿತು, ಕೋವಿಡ್ ಹೋದ ಮೇಲೂ ಮರಳಲಿಲ್ಲ. ಸರ್ಕಾರದ ರೈಲೇ ಹೀಗೆ ಮಾಡಿದರೆ ಖಾಸಗಿ ಕಂಪನಿ ಊಟದ ಮೇಲೆ ಕೊಡುವ ಶೇ 15 ರಿಯಾಯಿತಿ ಎಷ್ಟು ದಿನದ್ದು?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ಕೆಲವರು ಡಿಸ್ನಿಯವರ ರಜಾ ಕ್ಲಬ್ಬಿನ ಬಗ್ಗೆ ಹೊಗಳಿ ಮಾತಾಡುತ್ತಾರೆ. ಅಲ್ಲಿ ರಾತ್ರಿಗಳ ಬದಲು ಪಾಯಿಂಟು. 1991ರಿಂದ ನಡೆಯುತ್ತಿರುವ ವ್ಯವಸ್ಥೆ, ಶಿಸ್ತಿನದು. ಅಲ್ಲಿಯೂ ಈ ಎಡ-ಬಲ ಚೊಕ್ಕವಾಗಿ ಬೇರೆಯಾದದ್ದನ್ನು ನೋಡಿ. ಹಳೆಯ ಸದಸ್ಯರಿಂದ ಪಾಯಿಂಟುಗಳನ್ನು ಕಡಿಮೆ ಬೆಲೆಗೆ ಕೊಳ್ಳುವುದು ಅಲ್ಲಿ ಮಾಮೂಲು. 2016ರ ಏಪ್ರಿಲ್ 4ರಿಂದ ಈಚೆಗೆ ಹಾಗೆ ಕೊಂಡವರಿಗೆ ಊಟ, ಅಂಗಡಿ, ಪಾರ್ಕಿನ ಟಿಕೆಟ್ ಮುಂತಾದ ಸದಸ್ಯರ ರಿಯಾಯಿತಿಗಳು ಇಲ್ಲವೆಂದು ಕಂಪನಿ ತೀರ್ಮಾನಿಸಿತು. ಪಾಯಿಂಟು ಕೊಟ್ಟು ಕೋಣೆ ಕಾದಿರಿಸುವ ಹಕ್ಕನ್ನು ಮಾತ್ರ ಆ ತೀರ್ಮಾನ ಮುಟ್ಟಲಿಲ್ಲ. ಕರಾರಿನಲ್ಲಿದ್ದದ್ದು ಉಳಿಯಿತು, ಉಪಚಾರ ಹೋಯಿತು. ಹೊಸಬರು ನೇರ ಕಂಪನಿಯಿಂದ ಕೊಂಡರೂ ಉಪಚಾರ ಸಿಗಲು ಬೇಕಾದ ಕನಿಷ್ಠ ಪಾಯಿಂಟುಗಳ ಮಿತಿಯನ್ನು ಆಮೇಲೆ ಹಲವು ಬಾರಿ ಏರಿಸಿದರು.

ಈಗ ಎಡ ಪುಟದ ಬೆಲೆ ಎಷ್ಟೆಂದು ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ನೀವು ತುಂಬಿಕೊಳ್ಳಿ. ವರ್ಷಕ್ಕೆ 7 ರಾತ್ರಿಯಂತೆ 25 ವರ್ಷಕ್ಕೆ 175 ರಾತ್ರಿ. ಮೆಂಬರ್‌ಶಿಪ್‌ಗೆ ತೆರಿಗೆಯೂ ಸೇರಿ 4 ಲಕ್ಷ ಕೊಟ್ಟಿದ್ದೀರಿ ಎನ್ನಿ. ರಾತ್ರಿಗೆ 2,286 ರೂಪಾಯಿ ಬಿತ್ತು, ಅಗ್ಗವೇ. ಮಾರಾಟದ ಹುಡುಗ ನಿಮಗೆ ತೋರಿಸಿದ್ದು ಬಹುಶಃ ಇಷ್ಟೇ. ಆದರೆ ವಾರ್ಷಿಕ ಶುಲ್ಕ ಎಂಬುದೊಂದಿದೆ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು, ಕಟ್ಟದಿದ್ದರೆ ಬುಕಿಂಗ್ ಇಲ್ಲ. ಬೆಲೆಯೇರಿಕೆಯ ಜೊತೆಗೆ ಅದೂ ಏರುತ್ತದೆ ಎಂದು ಕರಾರಿನಲ್ಲೇ ಬರೆದಿರುವುದುಂಟು. ಮೊದಲ ವರ್ಷ 15,000 ಇದ್ದು ಪ್ರತಿವರ್ಷ ಶೇ 6ರಂತೆ ಏರಿದರೆ ಇಪ್ಪತ್ತೈದನೆಯ ವರ್ಷ ಅದು 60,000 ದಾಟಿರುತ್ತದೆ. ಎಲ್ಲ ವರ್ಷಗಳದ್ದು ಕೂಡಿದರೆ ಸುಮಾರು 8 ಲಕ್ಷ 23 ಸಾವಿರ. ಇದರ ಮೇಲೆ ಶೇ 18 ಜಿಎಸ್‌ಟಿ, ಅಲ್ಲಿಗೆ 9 ಲಕ್ಷ 71 ಸಾವಿರ. ಮೂಲ ಬೆಲೆಯೂ ಸೇರಿ ಒಟ್ಟು 13 ಲಕ್ಷ 71 ಸಾವಿರ. ಈಗ ಭಾಗಿಸಿ: ರಾತ್ರಿಗೆ 7,835 ರೂಪಾಯಿ. ಬಡ್ಡಿಯನ್ನು ನಾನು ಸೇರಿಸಿಲ್ಲ. ಬ್ಯಾಂಕಿನವನಾಗಿದ್ದುಕೊಂಡು ಸೇರಿಸದೆ ಬಿಡುವುದು ಕಷ್ಟವೇ, ಆದರೂ ಬಿಟ್ಟಿದ್ದೇನೆ.

ಮೊಣಕಾಲು ನೋವು, ಮಗಳ ಬಾಣಂತನ, ಮಕ್ಕಳ ಪರೀಕ್ಷೆ, ಮನೆ ಪೇಂಟು. ಇವುಗಳಿಂದಾಗಿ ಇಪ್ಪತ್ತೈದು ವರ್ಷದಲ್ಲಿ ನಾಲ್ಕು ವರ್ಷದ ರಾತ್ರಿಗಳು ಕೈಬಿಟ್ಟು ಹೋದವು ಎನ್ನಿ. 28 ರಾತ್ರಿ. ಅಂದರೆ ಸುಮಾರು 2 ಲಕ್ಷ 19 ಸಾವಿರ ರೂಪಾಯಿ. ಇನ್ನು ಉಳಿದ 147 ದಿನವೂ ನೀವು ಪಟ್ಟುಹಿಡಿದು ರೆಸಾರ್ಟಿನಲ್ಲೇ ದಿನಕ್ಕೆ 3,000 ರೂಪಾಯಿಯ ಊಟ ಮಾಡಿ, ಒಂದು ದಿನವೂ ತಪ್ಪದೆ ಶೇ 15 ರಿಯಾಯಿತಿ ಪಡೆದಿರಿ ಎಂದುಕೊಂಡರೂ ಉಳಿಯುವುದು 66,150. ಕಳೆದುಕೊಂಡದ್ದರ ಮೂರನೇ ಒಂದು ಭಾಗವೂ ಅಲ್ಲ. ಹಂಡೆಯ ತಳ ತೂತಾಗಿರುವಾಗ ನಾವು ಚೊಂಬಿನ ಲೆಕ್ಕ ಇಡುತ್ತಿದ್ದೇವೆ.

ಆದ್ದರಿಂದ ಎಡ ಪುಟದಲ್ಲಿ ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ, ಈ ವರ್ಷದ ರಾತ್ರಿಗಳು ಯಾವ ತಾರೀಕಿಗೆ ಮುಗಿಯುತ್ತವೆ ಎಂದು ಬರೆಯಿರಿ. ನಿಮ್ಮ ಸದಸ್ಯತ್ವದ ವರ್ಷ ಜನವರಿಗೆ ಶುರುವಾಗಬೇಕೆಂದಿಲ್ಲ, ನೀವು ಸೇರಿದ ತಿಂಗಳಿಂದ ಇದ್ದೀತು. ಅದರ ಪಕ್ಕದಲ್ಲೇ ಬುಕಿಂಗ್ ಎಷ್ಟು ತಿಂಗಳ ಮೊದಲು ತೆರೆಯುತ್ತದೆ, ಎಷ್ಟು ದಿನ ಮೊದಲು ರದ್ದು ಮಾಡಿದರೆ ರಾತ್ರಿಗಳು ವಾಪಸ್ ಬರುತ್ತವೆ, ಯಾವಾಗ ರದ್ದು ಮಾಡಿದರೆ ಮುಳುಗುತ್ತವೆ ಎಂಬುದನ್ನೂ ಬರೆಯಿರಿ. ಬಹಳ ಮಂದಿ ತಡವಾಗಿ ರದ್ದು ಮಾಡಿ ಕಳೆದುಕೊಳ್ಳುತ್ತಾರೆ. ಹೊರಡುವ ಹಿಂದಿನ ದಿನ ಜ್ವರ ಬಂದರೆ ಯಾರೂ ಏನೂ ಮಾಡುವಂತಿಲ್ಲ ನಿಜ, ಆದರೆ ಮೂರು ವಾರ ಮೊದಲೇ ಹೋಗಲಾಗುವುದಿಲ್ಲ ಎಂದು ಗೊತ್ತಿದ್ದೂ "ನೋಡೋಣ, ನೋಡೋಣ" ಎಂದು ತಳ್ಳಿದ್ದಕ್ಕೆ ಔಷಧಿಯಿಲ್ಲ.

ಸೀಸನ್ ಬಗ್ಗೆಯೂ ಎರಡು ಮಾತು. ಕ್ಲಬ್ ಮಹೀಂದ್ರಾದಲ್ಲಿ ನೇರಳೆ, ಕೆಂಪು, ಬಿಳಿ, ನೀಲಿ ಎಂದು ಬಣ್ಣ ಹಚ್ಚಿದ್ದಾರೆ. ನೇರಳೆ ಎಲ್ಲಕ್ಕಿಂತ ಬೇಡಿಕೆಯ ಕಾಲ, ನೀಲಿ ಎಲ್ಲಕ್ಕಿಂತ ಕಡಿಮೆ. ಬೇರೆಯವರಲ್ಲಿ ಬೇರೆ ಹೆಸರುಗಳಿರುತ್ತವೆ. ಅಗ್ಗವೆಂದು ಕಡಿಮೆ ಬೇಡಿಕೆಯ ಸೀಸನ್ ಕೊಂಡು, ದಸರಾ ರಜೆಗೋ ಬೇಸಿಗೆ ರಜೆಗೋ ಕೋಣೆ ಕೊಡಲಿಲ್ಲವೆಂದು ಜಗಳಕ್ಕೆ ನಿಂತರೆ ಆಗದು. ನಿವೃತ್ತರಿಗೆ ಇದೇ ಒಂದು ಅನುಕೂಲ ಕೂಡ. ಶಾಲೆ ಕಾಲೇಜು ನಡೆಯುವಾಗ, ಜುಲೈಯಲ್ಲಿ ಕೊಡಗಿಗೆ ಹೋಗಿ. ಮಳೆ ಬಿಡುವುದಿಲ್ಲ, ಜಿಗಣೆ ಬಿಡುವುದಿಲ್ಲ, ಆದರೆ ಕೋಣೆ ಸಿಗುತ್ತದೆ, ಕಿಟಕಿಯ ಹತ್ತಿರ ಕೂತು ಬಿಸಿ ಕಾಫಿ ಕುಡಿಯಬಹುದು. ನನ್ನ ಹೆಂಡತಿಗೆ ಇದು ಒಪ್ಪಿಗೆಯಿಲ್ಲ ಎಂಬುದನ್ನೂ ದಾಖಲಿಸುತ್ತೇನೆ.

ಇನ್ನು ಬಲ ಪುಟ. ಉಪಚಾರವನ್ನು ಬಿಡಬೇಕಿಲ್ಲ, ನಂಬಿ ಕೂರಬಾರದು ಅಷ್ಟೆ. ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆಯಿರಿ: ಯಾರು ಹೇಳಿದರು, ಎಲ್ಲಿ ಬರೆದಿದೆ, ಯಾವತ್ತಿನವರೆಗೆ, ಯಾವುದಕ್ಕೆ ಅನ್ವಯಿಸುವುದಿಲ್ಲ. ನಾಲ್ಕನೆಯದು ಮುಖ್ಯ. ಊಟದ ರಿಯಾಯಿತಿ ಬಫೆಗೆ ಇದೆಯೇ, ತಟ್ಟೆಯ ಲೆಕ್ಕದಲ್ಲಿ ತರಿಸುವುದಕ್ಕೆ ಮಾತ್ರವೇ? ಕೋಣೆಗೆ ತರಿಸಿದರೆ? ಡಿಸೆಂಬರ್ 31ರ ರಾತ್ರಿಯ ವಿಶೇಷ ಊಟಕ್ಕೆ? ಸ್ಪಾ ವೋಚರನ್ನು ಯಾವುದೇ ರೆಸಾರ್ಟಿನಲ್ಲಿ ಬಳಸಬಹುದೇ, ಒಂದೇ ಕಡೆಯೇ? ಆ್ಯಪಿನಲ್ಲಿ ಕಂಡ ಕೂಡಲೇ ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹೊರಡುವ ಒಂದು ವಾರ ಮೊದಲು ರೆಸಾರ್ಟಿಗೆ ಒಂದು ಇಮೇಲ್ ಬರೆದು, "ನಾವು ಇಂಥ ದಿನ ಬರುತ್ತಿದ್ದೇವೆ, ಇಂಥಿಂಥ ಸೌಲಭ್ಯಗಳು ಅನ್ವಯಿಸುತ್ತವೆಯೇ?" ಎಂದು ಕೇಳಿ. ಉತ್ತರ ಬಂದರೆ ಅದರ ಪ್ರಿಂಟು ತೆಗೆದುಕೊಂಡು ಹೋಗಿ. ಕೌಂಟರಿನ ಹುಡುಗನ ಜೊತೆ ದನಿ ಏರಿಸುವುದಕ್ಕಿಂತ ಒಂದು ಹಾಳೆ ಮುಂದಿಡುವುದು ಮರ್ಯಾದೆಗೂ ಒಳ್ಳೆಯದು, ರಕ್ತದೊತ್ತಡಕ್ಕೂ ಒಳ್ಳೆಯದು.

ಊಟದ ರಿಯಾಯಿತಿಯ ಒಳಗುಟ್ಟು ತೆರಿಗೆಯಲ್ಲಿದೆ. ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಗೆ ಕೋಣೆ ಕೊಡುವ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಸಾಮಾನ್ಯವಾಗಿ ಊಟದ ಮೇಲೆ ಶೇ 18 ಜಿಎಸ್‌ಟಿ. ಪೇಟೆಯಲ್ಲಿರುವ ಬಿಡಿ ಹೋಟೆಲಿನಲ್ಲಿ ಶೇ 5. ಸಾವಿರ ರೂಪಾಯಿಯ ಊಟಕ್ಕೆ ಶೇ 15 ಕಳೆದರೆ 850, ಅದಕ್ಕೆ ಶೇ 18 ಸೇರಿಸಿದರೆ 1,003. ನಿಮ್ಮ ರಿಯಾಯಿತಿ ಬಂದ ದಾರಿಯಲ್ಲೇ ವಾಪಸ್ ಹೋಯಿತು, ಮೇಲೆ ಮೂರು ರೂಪಾಯಿ ಜೊತೆಗೊಯ್ದಿತು. ಸದಸ್ಯರ ರಿಯಾಯಿತಿಯಿಲ್ಲದೆ ಮಡಿಕೇರಿ ಪೇಟೆಗೆ ಇಳಿದು ಅಕ್ಕಿರೊಟ್ಟಿಯೋ ಕಡಂಬುಟ್ಟೋ ತಿಂದರೆ ನಾಲಿಗೆಗೂ ಲಾಭ. ದಿನಕ್ಕೊಂದು ಹೊತ್ತು ಒಳಗೆ, ಒಂದು ಹೊತ್ತು ಹೊರಗೆ ಎಂದು ನಾನು ಹೇಳುವುದು. ಪೇಟೆ ದೂರವಿದ್ದು ಆಟೋದವನು ಹೋಗಿಬರಲು ಕೇಳುವ ಹಣವನ್ನೂ ಸೇರಿಸಿಯೇ ಲೆಕ್ಕ ಹಾಕಿ. ಬೆಟ್ಟದ ಮೇಲಿರುವ ರೆಸಾರ್ಟುಗಳಿಗೆ ಈ ವಿಷಯ ಚೆನ್ನಾಗಿಯೇ ಗೊತ್ತಿದೆ.

ಸದಸ್ಯರ ದರದಲ್ಲಿ ಹೆಚ್ಚುವರಿ ಕೋಣೆ ಎಂಬುದು ಇನ್ನೊಂದು. ಅಣ್ಣನ ಸಂಸಾರವೂ ಜೊತೆಗೆ ಬರುತ್ತದೆ, ಅವರಿಗೊಂದು ಕೋಣೆ ಬೇಕು. ಸದಸ್ಯರ ದರ ಎಂದು ಹೇಳಿದ ಕೂಡಲೇ ಒಪ್ಪಬೇಡಿ. ಅದೇ ರೆಸಾರ್ಟಿನ ಅದೇ ಕೋಣೆ ಹೊರಗಿನವರಿಗೆ ಎಷ್ಟಕ್ಕೆ ಸಿಗುತ್ತಿದೆ ಎಂದು ಬುಕಿಂಗ್ ಆ್ಯಪುಗಳಲ್ಲಿ ನೋಡಿ. ರಿಯಾಯಿತಿಯನ್ನು ಅಚ್ಚಾದ ದೊಡ್ಡ ದರದ ಮೇಲೆ ಕೊಟ್ಟಿದ್ದರೆ, ಸದಸ್ಯರಲ್ಲದವರ ಆ ದಿನದ ದರವೇ ಕಡಿಮೆಯಿರಬಹುದು. ಇಲ್ಲಿಯೂ 7,500ರ ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆ ಬಾಡಿಗೆಯ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದನ್ನು ಮೀರಿದರೆ ಶೇ 18. ಹಾಗಾಗಿ 7,600 ರೂಪಾಯಿಯ ಕೋಣೆಗೆ ತೆರಿಗೆ ಸೇರಿ 8,968 ಆಗುತ್ತದೆ, 7,500 ರೂಪಾಯಿಯದಕ್ಕೆ 7,875. ನೂರು ರೂಪಾಯಿ ಇಳಿಸಿ ಎಂದು ಕೇಳಿ ಒಪ್ಪಿಸಿದರೆ ನಿಮಗೆ ಉಳಿಯುವುದು 1,093. ಯಾವ ಪ್ಲಾಟಿನಂ ಕಾರ್ಡೂ ಇಷ್ಟು ಸುಲಭವಾಗಿ ಸಾವಿರ ರೂಪಾಯಿ ಕೊಡಿಸಿದ್ದನ್ನು ನಾನು ನೋಡಿಲ್ಲ.

ಬೇರೆ ದೇಶದ, ಬೇರೆ ಕಂಪನಿಯ ರೆಸಾರ್ಟುಗಳಿಗೂ ನಿಮ್ಮ ವಾರವನ್ನು ಬದಲಾಯಿಸಿಕೊಳ್ಳಬಹುದು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆ ವಿನಿಮಯ ನಡೆಸುವುದು ಆರ್‌ಸಿಐಯಂಥ ಬೇರೆಯೇ ಸಂಸ್ಥೆ. ಅದು 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದರ ಸದಸ್ಯತ್ವಕ್ಕೆ ಬೇರೆ ಶುಲ್ಕ, ಪ್ರತಿ ವಿನಿಮಯಕ್ಕೆ ಮತ್ತೊಂದು ಶುಲ್ಕ. ಮೊದಲ ಕೆಲವು ವರ್ಷ ಕಂಪನಿಯೇ ನಿಮ್ಮ ಪರವಾಗಿ ಕಟ್ಟಿದ್ದರೆ ಅದು ಯಾವಾಗ ಮುಗಿಯುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬ್ಯಾಂಕಾಕ್, ದುಬೈ ಎಂದೆಲ್ಲ ಮಕ್ಕಳು ಕನಸು ಕಟ್ಟುವ ಮೊದಲು ಈ ಮೂರು ಸಾಲು ಓದಿಸಿ.

ರೆಸಾರ್ಟಿಗೆ ಹೋದ ಎರಡನೆಯ ದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಟೈ ಕಟ್ಟಿದ ಒಬ್ಬರು ಬಂದು ಬಹಳ ವಿನಯದಿಂದ "ಅಂಕಲ್, ಆಂಟಿ, ಒಂದರ್ಧ ಗಂಟೆ ಬಿಡುವು ಮಾಡಿಕೊಳ್ಳಿ, ನಿಮಗೊಂದು ಗಿಫ್ಟ್ ಇದೆ" ಎಂದರೆ, ಅದು ಮೆಂಬರ್‌ಶಿಪ್ಪನ್ನು ಮೇಲ್ದರ್ಜೆಗೆ ಏರಿಸುವ ಮಾರಾಟ. ಮಾಲಿನಲ್ಲಿ ಲಕ್ಕಿ ಡ್ರಾ ಚೀಟಿ ಬರೆಸಿಕೊಂಡು, ಗಂಡ ಹೆಂಡತಿ ಇಬ್ಬರೂ ಬರಲೇಬೇಕೆಂದು ಹೋಟೆಲಿನ ಹಾಲಿಗೆ ಕರೆದಿದ್ದರಲ್ಲ, ಅದರ ಎರಡನೆಯ ಅಂಕ. ಹೋಗಬೇಡಿ ಎನ್ನುವುದಿಲ್ಲ. ಹೋದರೆ ನೋಟ್‌ಬುಕ್ ಜೊತೆಗಿರಲಿ. ಅವರು ಹೇಳುವ ಒಂದೊಂದು ಸೌಲಭ್ಯವನ್ನೂ ಅವರ ಮುಂದೆಯೇ ಬರೆದುಕೊಂಡು, "ಇದರ ಕೆಳಗೆ ಸಹಿ ಮಾಡಿ, ಅಥವಾ ಇವತ್ತೇ ಕಂಪನಿಯ ಇಮೇಲಿನಿಂದ ಕಳಿಸಿ" ಎನ್ನಿ. ಹೇಳುವ ಸೌಲಭ್ಯಗಳ ಪಟ್ಟಿ ತಾನಾಗಿಯೇ ಗಿಡ್ಡವಾಗುತ್ತದೆ. ಉಳಿದದ್ದು ನಿಜವಾದದ್ದು. ಇವತ್ತು ಸಹಿ ಹಾಕಿದರೆ ಮಾತ್ರ ಈ ಬೆಲೆ ಎಂದರೆ, ನಾಳೆ ಬನ್ನಿ ಎಂದು ಹೇಳಿ ಎದ್ದುಬಿಡಿ. ನಲವತ್ತು ವರ್ಷ ಸಾಲಗಾರರ ಎದುರು ಕೂತವನಾಗಿ ಹೇಳುತ್ತೇನೆ, ನಾಳೆಗೆ ಬಾಳದ ಬೆಲೆಯಲ್ಲಿ ಏನೋ ಇದೆ.

ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚುವುದು ಬೇರೆ. ಮೆಂಬರ್‌ಶಿಪ್ ಯಜಮಾನರ ಹೆಸರಿನಲ್ಲಿ. ಪಾಸ್‌ವರ್ಡ್ ಅವರ ತಲೆಯಲ್ಲಿ. ಒಟಿಪಿ ಬರುವುದು ಅವರ ಮೊಬೈಲಿಗೆ. ವಾರ್ಷಿಕ ಶುಲ್ಕ ಅವರ ಖಾತೆಯಿಂದ ತಾನಾಗಿಯೇ ಕಡಿತ. ಅವರು ತೀರಿಕೊಂಡ ಮೇಲೆ ಆ ಸಿಮ್ಮನ್ನು ರದ್ದು ಮಾಡಿಸಿ, ಖಾತೆ ಮುಚ್ಚಿ, ವರ್ಷ ಕಳೆದ ಮೇಲೆ ಹೆಂಡತಿಗೆ ಬಾಕಿ ಶುಲ್ಕದ ನೋಟಿಸ್ ಬರುತ್ತದೆ. ಒಂದು ರೆಸಾರ್ಟನ್ನೂ ತಾವಾಗಿ ಬುಕ್ ಮಾಡಿ ಗೊತ್ತಿರದ ಅಮ್ಮನವರು ಆ ಹೊಳೆಯುವ ಫೋಲ್ಡರನ್ನು ತಂದು ನನ್ನ ಮುಂದಿಡುತ್ತಾರೆ. ಮಗ ಸಿಯಾಟಲ್‌ನಲ್ಲೋ ಸಿಡ್ನಿಯಲ್ಲೋ ಇರುತ್ತಾನೆ. ಅವನಿಗೆ ಅಪ್ಪ ಇಂಥದ್ದೊಂದು ಕೊಂಡಿದ್ದೇ ಗೊತ್ತಿರುವುದಿಲ್ಲ.

ಆದ್ದರಿಂದ ನೋಟ್‌ಬುಕ್ಕನ್ನು ಇಬ್ಬರೂ ಬರೆಯಬೇಕು. ಸದಸ್ಯತ್ವದ ನಂಬರ್, ನಾಮಿನಿ ಯಾರು, ಜಂಟಿ ಹೆಸರು ಇದೆಯೇ, ವರ್ಗಾವಣೆಗೆ ಏನು ಶುಲ್ಕ, ವರ್ಗಾವಣೆಯಾದರೆ ಬಲ ಪುಟದ ಉಪಚಾರಗಳಲ್ಲಿ ಯಾವುವು ಉಳಿಯುತ್ತವೆ, ಸದಸ್ಯರಿಲ್ಲದೆ ಮಕ್ಕಳು ಮಾತ್ರ ಹೋದರೆ ಕೋಣೆ ಕೊಡುತ್ತಾರೆಯೇ. ಇವಕ್ಕೆ ಉತ್ತರ ಕಂಪನಿಯಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಎರಡನೆಯ ಸಂಪರ್ಕ ಸಂಖ್ಯೆಯಾಗಿ ಹೆಂಡತಿಯ ಮೊಬೈಲ್ ಕೊಡಿ. ಮುಂದಿನ ಬುಕಿಂಗನ್ನು ಅವರೇ ಮಾಡಲಿ, ನೀವು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಸುಮ್ಮನೆ ಎಂದೆ.

ಎಡ ಪುಟದ್ದನ್ನೇ ಕೊಡಲಿಲ್ಲ ಎಂದಾದರೆ ಏನು ಮಾಡುವುದು? ಮೊದಲು ಇಮೇಲ್, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿರಲಿ, ಚೆನ್ನೈಯಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ನಿಯಮವೂ ಇಲ್ಲ. ಆದರೆ ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಅಲ್ಲಿ ಬಾಯಿಮಾತು ನಡೆಯುವುದಿಲ್ಲ, ನಿಮ್ಮ ಕರಾರು, ರಸೀದಿ, ಇಮೇಲು, ತಾರೀಕುಳ್ಳ ಸ್ಕ್ರೀನ್‌ಶಾಟು ನಡೆಯುತ್ತವೆ. ಬಲ ಪುಟದ ಕೇಕು ಸಿಗಲಿಲ್ಲವೆಂದು ಮಾತ್ರ ಯಾರೂ ಆಯೋಗದ ಮೆಟ್ಟಿಲು ಹತ್ತಬೇಡಿ.

ನಿಮ್ಮವ,
ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಮರೆತ ಮಾತು: "ನಿಮ್ಮ ಮೆಂಬರ್‌ಶಿಪ್ಪನ್ನು ಒಳ್ಳೆಯ ಬೆಲೆಗೆ ಮಾರಿಸಿಕೊಡುತ್ತೇವೆ, ಮೊದಲು ಜಿಎಸ್‌ಟಿಯನ್ನೋ ಪ್ರೊಸೆಸಿಂಗ್ ಶುಲ್ಕವನ್ನೋ ಕಟ್ಟಿ" ಎಂದು ಫೋನ್ ಬಂದರೆ, ಎಷ್ಟೇ ಒಳ್ಳೆಯ ಕನ್ನಡದಲ್ಲಿ ಮಾತಾಡಿದರೂ ಹಣ ಕಳಿಸಬೇಡಿ. ನಿಮ್ಮ ಸದಸ್ಯತ್ವದ ನಂಬರ್, ಬಾಕಿ ರಾತ್ರಿ ಎಲ್ಲ ಅವರಿಗೆ ಗೊತ್ತಿದ್ದರೂ ಕಳಿಸಬೇಡಿ. ಮಾರುವ ಮನಸ್ಸಿದ್ದರೆ ವರ್ಗಾವಣೆಯ ನಿಯಮವನ್ನು ಕಂಪನಿಗೇ ಬರೆದು ಕೇಳಿ.